ಕಾಗದಕ್ಕೆ ಹೊಡೆಯುವ ಬಂದೂಕು

ಕಪನೂರಿನ ಬೇಳೆ ಮಿಲ್ಲಿನ ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಿದ್ದೆ. ಕಮಲಾಪುರದ ಪೊಲೀಸ್ ಠಾಣೆಯಿಂದ ಫೋನ್ ಬಂತು.

"ಬಂಡಮ್ಮ ಮಾಳಿಂಗಪ್ಪ ಅಂದ್ರ ನಿಮಗೇನಾಗಬೇಕ್ರಿ?" ಎಂದು ಆ ಕಡೆಯ ಹೆಣ್ಣುದನಿ ಕೇಳಿತು.

"ನಮ್ಮ ಅತ್ತಿಯವರು. ಯಾಕ್ರಿ?"

"ಜರಾ ಠಾಣಾಕ್ಕ ಬಂದು ಹೋಗ್ರಿ. ಬಸ್ಸಿನ್ಯಾಗ ಬಂದೂಕ ಹಿಡಕೊಂಡು ಕುಂತಿದ್ರು."

ನಂಬರ್ ತಪ್ಪಿ ಬಂದಿರಬೇಕು ಅಂದುಕೊಂಡೆ. ನಮ್ಮ ಅತ್ತೆ, ಮನೆಯಲ್ಲಿ ಕೋಳಿ ಕೊಯ್ಯುವಾಗ ಅಂಗಳ ಬಿಟ್ಟು ಬೀದಿಗೆ ಹೋಗಿ ನಿಲ್ಲುವ ಹೆಂಗಸು. ವಯಸ್ಸು ಐವತ್ನಾಲ್ಕು. ಕಮಲಾಪುರದ ಹೊರಗೆ ನಮ್ಮದು ಎರಡೆಕರೆ ಕೆಂಪು ಬಾಳೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ದುಡಿಮೆ ಅವರದೇ. ಮಾವ ಮಾಳಿಂಗಪ್ಪ ನೀರು ಬಿಡುವುದು, ವ್ಯಾಪಾರಿಗಳ ಜೊತೆ ಮಾತಾಡುವುದು ನೋಡಿಕೊಳ್ಳುತ್ತಾರೆ. ನನ್ನ ಗಂಡ ಅಮರನಾಥ ಸೇಡಂ ಕಡೆ ಲೈನ್‌ಮನ್, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ನಾನು ದಿನಾಲೂ ಕಮಲಾಪುರದಿಂದ ಕಪನೂರಿಗೆ ಬಸ್ಸಿನಲ್ಲಿ ಓಡಾಡಿ ಮಿಲ್ಲಿನಲ್ಲಿ ಬಿಲ್ಲು ಬರೆಯುತ್ತೇನೆ. ಇಂಥ ಮನೆಯಲ್ಲಿ ಬಂದೂಕು ಎಲ್ಲಿಂದ ಬರಬೇಕು?

ಮ್ಯಾನೇಜರನಿಗೆ ಅತ್ತೆಗೆ ಆರಾಮಿಲ್ಲ ಅಂತ ಹೇಳಿ ಹೊರಟೆ.

ಠಾಣೆಯ ಮುಂದೆ ಒಂದು ಸರ್ಕಾರಿ ಬಸ್ಸು ಅಡ್ಡಡ್ಡ ನಿಂತಿತ್ತು. ಪ್ರಯಾಣಿಕರೆಲ್ಲ ಕೆಳಗಿಳಿದು ಬೇವಿನ ನೆರಳಲ್ಲಿ ನಿಂತು ಮಾತಾಡುತ್ತಿದ್ದರು. ಒಳಗೆ ಬೆಂಚಿನ ಮೇಲೆ ಅತ್ತೆ ಸೆರಗು ಹೊದ್ದು, ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು. ಎದುರಿನ ಟೇಬಲ್ಲಿನ ಮೇಲೆ ಕಪ್ಪನೆಯ ಉದ್ದ ಬಂದೂಕು. ಪಕ್ಕದಲ್ಲಿ ಅದಕ್ಕೆ ಸುತ್ತಿದ್ದ ನಮ್ಮ ಮನೆಯದೇ ಹಳೆ ಹಸಿರು ಸೀರೆ.

"ಅದ್ರಾಗ ಗುಂಡು ಹಾರಂಗಿಲ್ಲವ್ವಾ," ಎಂದರು ಅತ್ತೆ ನನ್ನ ಮುಖ ನೋಡುತ್ತಲೇ. "ಸುಳ್ಳು ಬಂದೂಕ. ಮಂಗ್ಯಾಗಳಿಗೆ ತೋರ್ಸಾಕ ತಂದಿದ್ದೆ."

ಆಮೇಲೆ ಎಲ್ಲ ತಿಳಿಯಿತು. ಆ ವರ್ಷ ಮಂಗಗಳ ಕಾಟ ವಿಪರೀತವಾಗಿತ್ತು. ಕೆಂಪು ಬಾಳೆ ಬೇರೆ ಬಾಳೆಯಂತಲ್ಲ. ಗೊನೆ ಕೈಗೆ ಬರಬೇಕಾದರೆ ಒಂದೂವರೆ ವರ್ಷ ಕಾಯಬೇಕು. ಅಷ್ಟು ಕಾದ ಗೊನೆಯನ್ನು ಮಂಗಗಳು ಅರ್ಧ ತಿಂದು, ಅರ್ಧ ಕೆಡವಿ ಹೋಗುತ್ತಿದ್ದವು. ಅತ್ತೆ ಒಂದು ದಿನ ಸಿಟ್ಟಿಗೆ ಕೈಯಲ್ಲಿದ್ದ ಕೋಲನ್ನು ಹೆಗಲಿಗೇರಿಸಿ ಗುರಿ ಹಿಡಿದವರಂತೆ ನಿಂತರಂತೆ. ಮಂಗಗಳೆಲ್ಲ ಕಿರುಚಿ ಓಡಿದವು. ನಾಲ್ಕು ದಿನ ಅದೇ ಆಟ ನಡೆಯಿತು. ಐದನೇ ದಿನ ಒಂದು ದೊಡ್ಡ ಗಂಡುಮಂಗ ಕೋಲು ನೋಡಿಯೂ ಅಲುಗಲಿಲ್ಲ. ಕೋಲು ಕೋಲೇ ಎಂದು ಅದಕ್ಕೆ ಗೊತ್ತಾಗಿತ್ತು. ಹಾಗಾಗಿ ಅತ್ತೆ ಯಾರಿಗೂ ಹೇಳದೆ ಕಲಬುರಗಿಗೆ ಹೋಗಿ, ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಎರಡು ತಾಸು ಅಲೆದಿದ್ದರು. ಆಟಿಕೆ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಮುನ್ನೂರೈವತ್ತು ರೂಪಾಯಿಗೆ ಇತ್ತು. ಆದರೆ ಅದರ ಮೂತಿಗೆ ಕಿತ್ತಳೆ ಬಣ್ಣ ಬಳಿದಿತ್ತು. "ಮಂಗ್ಯಾ ಅಷ್ಟು ಹುಚ್ಚಲ್ಲ" ಎಂದು ಬಿಟ್ಟು ಬಂದರು. ಕೊನೆಗೆ ಒಂದು ಮಹಡಿಯ ಮೇಲಿನ ಅಂಗಡಿಯವನು ಪೆಟ್ಟಿಗೆಯೊಳಗಿಂದ ಇದನ್ನು ತೆಗೆದು ತೋರಿಸಿದ. ಕಬ್ಬಿಣದ ನಳಿಗೆ, ಕಟ್ಟಿಗೆಯ ಹಿಡಿಕೆ, ಖರೇ ಬಂದೂಕಿನಷ್ಟೇ ತೂಕ. ಮೂರು ಸಾವಿರದ ಇನ್ನೂರು. "ಲೈಸನ್ಸ್ ಬೇಕಾಗ್ತದೇನಪ್ಪ?" ಎಂದು ಅತ್ತೆ ಕೇಳಿಯೇ ಕೇಳಿದ್ದಾರೆ. "ಶೋಪೀಸ್ ಅದರಿ ಅಮ್ಮಾ, ಏನೂ ಬ್ಯಾಡ" ಎಂದಿದ್ದಾನೆ ಅವನು. ಬಿಲ್ಲು ಕೊಟ್ಟಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ ಹರಿದುಕೊಟ್ಟು, "ಇಷ್ಟುದ್ದ ಗಂಟಿಗೆ ಲಗೇಜ್ ಆಗ್ತದ, ಏನದ ಅದ್ರಾಗ?" ಎಂದು ಸೀರೆಯ ತುದಿ ಎಳೆದ. ನಳಿಗೆ ಹೊರಬಂತು. ಪಕ್ಕದಲ್ಲಿ ಕುಳಿತಿದ್ದ ಮುದುಕಿ ಇಮಾಮಬಿ "ಯಾ ಅಲ್ಲಾ" ಎಂದು ಕೂಗಿಕೊಂಡು ಮುಂದಿನ ಸೀಟಿನವರ ಮೇಲೆ ಬಿದ್ದಳು. ಬಸ್ಸೆಲ್ಲ ಗದ್ದಲ. ಡ್ರೈವರ್ ಎಲ್ಲಿಯೂ ನಿಲ್ಲಿಸದೆ ನೇರ ಠಾಣೆಗೆ ತಂದು ನಿಲ್ಲಿಸಿದ.

ಫೋನ್ ಮಾಡಿದ್ದವರು ಪಿಎಸ್ಐ ಪಂಚಶೀಲಾ. ಮೂವತ್ತರೊಳಗಿನ ವಯಸ್ಸು, ನಗು ಕಡಿಮೆ. ಅವರು ಬಂದೂಕನ್ನು ತಿರುಗಿಸಿ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು.

"ಹಾರಂಗಿಲ್ಲ ಅನ್ನೋದು ನಿಮಗ ಗೊತ್ತು ಅಮ್ಮಾ. ಮುಂದ ನಿಂತವರಿಗೆ ಹ್ಯಾಂಗ ಗೊತ್ತಾಗಬೇಕು?"

ಅತ್ತೆ ಟೇಬಲ್ಲಿನ ಮೇಲಿದ್ದ ಹಸಿರು ಸೀರೆ ಎತ್ತಿಕೊಂಡು ಮಡಚತೊಡಗಿದರು.

"ಸಣ್ಣ ಹುಡುಗರ ಪ್ಲಾಸ್ಟಿಕ್ ಆಟಿಕಿಗೆ ಯಾರೂ ಏನೂ ಅನ್ನಂಗಿಲ್ಲ. ಹಿಂಗ ಹುಬೇಹೂಬ್ ಖರೇದರಂಗ ಕಬ್ಬಿಣದಾಗ ಮಾಡಿದ್ದಕ್ಕ ಕಾಯ್ದೆ ಬ್ಯಾರೆ ಅದ. ಮತ್ತ ಯಾವುದ ಇರಲಿ, ಜನರಿಗೆ ತೋರ್ಸಿ ಹೆದರ್ಸಿದ್ರ ಕೇಸ್ ಆಗ್ತದ. ನಿಮ್ಮ ಮನಸಿನ್ಯಾಗ ಅದಿಲ್ಲ ಅಂತ ನನಗ ಕಾಣ್ತದ. ಅದಕ್ಕ ಬರೀ ಹೇಳಿಕಿ ಬರಕೊಂಡು ಬಿಡ್ತೀನಿ. ಇದು ಇಲ್ಲೇ ಇರ್ತದ. ಮಾರಿದವನ ಅಂಗಡಿ ಎಲ್ಲದ ಹೇಳ್ರಿ."

ಅತ್ತೆ ಅಂಗಡಿಯ ಗುರುತು ಹೇಳಿದರು. ಹೆಬ್ಬೆಟ್ಟು ಒತ್ತಲು ಮುಂದೆ ಮಾಡಿದ್ದ ಮಸಿ ಪ್ಯಾಡನ್ನು ಪಕ್ಕಕ್ಕೆ ಸರಿಸಿ, ಪೆನ್ನು ಇಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಎದ್ದು ನಿಂತ ಮೇಲೆ ಅವರು ಕೇಳಿದ ಮಾತಿಗೆ ನನಗೇ ನಾಚಿಕೆಯಾಯಿತು.

"ಪೊಲೀಸ್ ಬಾಯಾರ, ಹಂಗಾದ್ರ ಲೈಸನ್ಸ್ ಇಲ್ಲದ ಬಂದೂಕ ಯಾವುದೂ ಇಲ್ಲೇನ್ರಿ?"

ಪಂಚಶೀಲಾ ಮೊದಲ ಸಲ ನಕ್ಕರು. "ಸಣ್ಣ ಏರ್ ಗನ್ನಿಗೆ ಬೇಕಾಗಂಗಿಲ್ಲ. ಗಾಳಿ ಬಂದೂಕ. ಆಧಾರ ಕೊಟ್ಟು ತಗೋಬೇಕು, ಅಂಗಡಿಯವ ಬರದಿಟ್ಕೊಳ್ತಾನ. ಆದ್ರ ಮಂಗ್ಯಾಗಳಿಗೆ ಹೊಡ್ಯಾಕ ಬರಂಗಿಲ್ಲ ಮತ್ತ. ಅದು ಅರಣ್ಯ ಇಲಾಖಿ ಕೇಸ್."

ಊರಿನಲ್ಲಿ ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಬಾಳೆ ವ್ಯಾಪಾರಿ ದೇವೀಂದ್ರಪ್ಪ ಸಂತೆಯಲ್ಲಿ ಮಾವನನ್ನು ನಿಲ್ಲಿಸಿ, "ಏನ್ ಮಾಳಿಂಗಪ್ಪ, ಇನ್ನ ಮ್ಯಾಲ ನಿನ್ನ ಕೂಡ ರೇಟಿನ ಚೌಕಾಶಿ ಮಾಡಂಗಿಲ್ಲಪ್ಪ, ಜೀವದ ಆಸೆ ಅದ ನನಗ" ಎಂದು ಎಲ್ಲರ ಎದುರು ನಕ್ಕನಂತೆ. ಮಾವ ಎಂಟು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. ಊಟಕ್ಕೆ ಕೂತಾಗ ನೀರು ಬೇಕಾದರೂ "ರಾಜೇಶ್ರೀ, ನೀರು" ಎಂದು ನನ್ನನ್ನೇ ಕರೆಯುತ್ತಿದ್ದರು. ಹತ್ತಿರದಲ್ಲೇ ಕುಳಿತ ಅತ್ತೆ ಸುಮ್ಮನೆ ತಂಬಿಗೆ ಮುಂದೆ ಸರಿಸುತ್ತಿದ್ದರು.

ನಮ್ಮ ಮಿಲ್ಲಿನ ಹಿಂದೆ ಒಂದು ಹಳೆ ಗೋದಾಮು ಇದೆ. ಅಲ್ಲಿಂದ ಸಂಜೆ ಹೊತ್ತು ಟಕ್, ಟಕ್ ಎಂಬ ಸಪ್ಪಳ ಬರುತ್ತಿತ್ತು. ಯಾವುದೋ ಚಪ್ಪಡಿ ಕೆಲಸ ಅಂದುಕೊಂಡಿದ್ದೆ. ಒಂದು ದಿನ ಕಾಲೇಜು ಹುಡುಗಿಯೊಬ್ಬಳು ಉದ್ದ ಚೀಲ ಹೊತ್ತು ಒಳಗೆ ಹೋಗುವುದು ಕಂಡು ಕೇಳಿದರೆ, "ಶೂಟಿಂಗ್ ರೇಂಜ್ ಅದ ಅಕ್ಕಾ, ಏರ್ ರೈಫಲ್" ಎಂದಳು. ಅವಳ ಹೆಸರು ಮದಿಹಾ. ಮನೆಗೆ ಬಂದು ಸುಮ್ಮನೆ ಮಾತಿಗೆ ಹೇಳಿದೆ. ಅತ್ತೆ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ಶನಿವಾರ ನಿನ್ನ ಕೂಡ ಬರ್ಲೇನು?"

ಗೋದಾಮಿನೊಳಗೆ ನಾಲ್ಕು ಸಾಲು. ಒಂದು ತುದಿಯಲ್ಲಿ ಮೇಜು, ಹತ್ತು ಮೀಟರ್ ಆಚೆ ದೀಪದ ಕೆಳಗೆ ಅಂಗೈಯಗಲದ ಕಾಗದ, ಅದರ ನಡುವೆ ಕಪ್ಪು ವೃತ್ತ. ನಡೆಸುವವರು ಜಹೀರುದ್ದೀನ್ ಸರ್. ಫೌಜಿನಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಂದವರು, ಬಿಳಿ ಗಡ್ಡ, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾರೆ. ಅತ್ತೆ ಸುತ್ತು ಬಳಸಿ ಮಾತಾಡಲಿಲ್ಲ.

"ಸಾಹೇಬ್ರ, ಗಾಳಿ ಬಂದೂಕ ಎಷ್ಟಕ್ಕ ಬರ್ತದರಿ?"

"ಏನಕ್ಕ ಬೇಕ್ರಿ ಅಮ್ಮಾ?"

"ಮಂಗ್ಯಾಗಳಿಗೆ."

"ಹಂಗಾದ್ರ ಹೇಳಂಗಿಲ್ಲ," ಎಂದರು ಜಹೀರುದ್ದೀನ್. ಸಿಟ್ಟಿನಿಂದಲ್ಲ, ಬೆಲೆ ಹೇಳುವಷ್ಟೇ ಸಹಜವಾಗಿ. "ಜೀವಕ್ಕ ಹೊಡ್ಯಾದು ನಾ ಬಿಟ್ಟು ಬಂದೀನಿ. ಕಾಗದಕ್ಕ ಅಂದ್ರ ಕುಂದುರ್ರಿ, ಎಲ್ಲಾ ಹೇಳ್ತೀನಿ."

ಅತ್ತೆ ಕುಳಿತರು. ಸರ್ ಒಂದೊಂದಾಗಿ ಹೇಳಿದರು. ದೇಶಿ ಏರ್ ರೈಫಲ್ ಹತ್ತು ಹನ್ನೆರಡು ಸಾವಿರಕ್ಕೆ ಚಲೋದು ಸಿಗುತ್ತದೆ. ಛರ್ರಾ, ಅಂದರೆ ಬಂದೂಕಿನೊಳಗೆ ಹಾಕುವ ಸೀಸದ ಕಾಳು, ಐನೂರರ ಡಬ್ಬಿಗೆ ನಾಲ್ಕೈದು ನೂರು. ಮದಿಹಾ ಹಿಡಿದಿರುವುದು ಜರ್ಮನಿ ಮಾಲು, ಹಳೆಯದು ಕೊಂಡರೂ ಲಕ್ಷದ ಮೇಲೆ. ಅವಳಪ್ಪ ಪ್ಲಾಟು ಮಾರಿ ಕೊಡಿಸಿದ್ದು. ಮದ್ದಿನ ಬಂದೂಕಿಗೆ ಲೈಸನ್ಸು, ಡಿಸಿ ಆಫೀಸು, ಪೊಲೀಸ್ ತಪಾಸಣೆ, ವರ್ಷಗಟ್ಟಲೆ ಓಡಾಟ. "ಮತ್ತ ಇಲ್ಲಿ ಬಂದು ನನ್ನ ಬಂದೂಕಲೇ ಹೊಡದ್ರ ತಾಸಿಗೆ ನೂರು ರೂಪಾಯಿ. ಇಪ್ಪತ್ತು ಛರ್ರಾ ಅದ್ರಾಗ ಬಂತು. ಎಲ್ಲಕ್ಕಿಂತ ಸೋವಿ, ಎಲ್ಲಕ್ಕಿಂತ ಸೀದಾ."

"ಮೂರು ಸಾವಿರದ ಇನ್ನೂರು ಕೊಟ್ಟು ಹಾರಲಾರದ್ದು ತಗೊಂಡೀನಿ ನಾ," ಎಂದರು ಅತ್ತೆ.

"ಕೇಳೀನಿ," ಎಂದು ನಕ್ಕರು ಅವರು. ಅಷ್ಟು ದೂರದ ಕಪನೂರಿಗೂ ಸುದ್ದಿ ಬಂದಿತ್ತು.

ಅತ್ತೆ ನನ್ನ ಕಡೆ ನೋಡಿದರು. ಪರ್ಸಿನಿಂದ ನೂರರ ನೋಟು ತೆಗೆದುಕೊಟ್ಟೆ. ಬಂದೂಕನ್ನು ಹೆಗಲಿಗೆ ಹೇಗೆ ಒತ್ತಬೇಕು, ಉಸಿರು ಅರ್ಧ ಬಿಟ್ಟು ಹೇಗೆ ತಡೆಯಬೇಕು, ಟ್ರಿಗರನ್ನು ಎಳೆಯದೆ ಹೇಗೆ ಮೆಲ್ಲಗೆ ಒತ್ತಬೇಕು, ಎಲ್ಲ ಸರ್ ತೋರಿಸಿದರು. ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿ ನಿಂತರು. ಮೊದಲನೆಯದು ಎಲ್ಲಿ ಹೋಯಿತೋ ದೇವರೇ ಬಲ್ಲ. ಎರಡನೆಯದು ಕಾಗದದ ಅಂಚಿಗೆ. ಆಮೇಲಿನ ಎಂಟೂ ಕಪ್ಪು ವೃತ್ತದ ಹೊರಗೆ, ಕೆಳಗೆ ಎಡಕ್ಕೆ ಬಿದ್ದವು. ಅತ್ತೆಯ ಮುಖ ಸಣ್ಣದಾಯಿತು. ಜಹೀರುದ್ದೀನ್ ಸರ್ ಕಾಗದ ಬಿಚ್ಚಿ ತಂದು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

"ಅಮ್ಮಾ, ಎಂಟೂ ಒಂದ ರೂಪಾಯಿ ಬಿಲ್ಲಿಯೊಳಗ ಅವ. ನಡುವ ಬೀಳಲಿಲ್ಲ ಅನ್ನೋದು ಬಂದೂಕಿನ ತಪ್ಪು, ಎರಡು ತಿರುವು ತಿರುವಿದ್ರ ಸರಿ ಆಗ್ತದ. ಎಂಟೂ ಒಂದ ಕಡಿ ಬಿದ್ದಾವಲ್ಲ, ಅದನ್ನ ನನಗ ಕಲಿಸಾಕ ಬರಂಗಿಲ್ಲ."

ತಿರುಗುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. "ಹ್ಯಾಂಗನಿಸ್ತು ಅತ್ತಿ?" ಎಂದೆ.

ಮುಖ ತಿರುಗಿಸದೆಯೇ ಹೇಳಿದರು: "ಒಂದು ತಾಸು ಯಾರೂ ನನ್ನ ಕರೀಲಿಲ್ಲ ನೋಡು. ಮದಿವ್ಯಾಗಿ ಬಂದಾಗಿಂದ ಹಂಗ ನಿಂತಿದ್ದ ನೆನಪಿಲ್ಲ ನನಗ."

ಅವತ್ತಿನಿಂದ ಅತ್ತೆ ಹದಿನೈದು ದಿನಕ್ಕೊಮ್ಮೆ ಶನಿವಾರ ಬರತೊಡಗಿದರು. ಮನೆಯಲ್ಲಿ ಮೊಣಕಾಲಿನ ಡಾಕ್ಟರ ಹತ್ತಿರ ಅಂತ ಹೇಳಿದ್ದೆವು. ಮೂರನೇ ಸಲಕ್ಕೆ ಅತ್ತೆಗೆ ಆ ಸುಳ್ಳು ಸಹಿಸಲಾಗಲಿಲ್ಲ. ಮಾವ ಚಹಾ ಕುಡಿಯುತ್ತಿದ್ದಾಗ ಎಲ್ಲ ಬಿಚ್ಚಿ ಹೇಳಿಬಿಟ್ಟರು. ಮಾವ ಕಪ್ಪು ಕೆಳಗಿಟ್ಟು ಹೆಂಡತಿಯನ್ನು ನೋಡಿದರು.

"ಕಾಗದಕ್ಕ ಹೊಡ್ಯಾಕ ನೂರು ರೂಪಾಯಿ? ನಮ್ಮ ತೋಟದಾಗ ಮಂಗ್ಯಾ ಪುಕ್ಕಟ ಕುಂತಿರ್ತಾವಲ್ಲ!"

"ಅವಕ್ಕ ಹೊಡ್ಯಾದಲ್ಲ ಅದು."

"ಮತ್ತ್ಯಾಕ ಅದು?"

ಅತ್ತೆ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದರು. ಮಾವ ಹೋಗಬೇಡ ಅನ್ನಲಿಲ್ಲ. ಅಷ್ಟೇ ಸಾಕೆಂದು ನಾವು ಸುಮ್ಮನಾದೆವು.

ದೀಪಾವಳಿ ಹೊತ್ತಿಗೆ ಅತ್ತೆ ಬಾಳೆಯ ಕಂದು ಮಾರಿದರು. ಗಿಡದ ಬುಡದಲ್ಲಿ ಏಳುವ ಮರಿಗಳನ್ನು ಕಿತ್ತು ಮಾರುವುದು ಮೊದಲಿನಿಂದಲೂ ಅವರದೇ ವ್ಯವಹಾರ, ಆ ರೊಕ್ಕವೂ ಅವರದೇ. ಅದರಲ್ಲಿ ಹನ್ನೊಂದೂವರೆ ಸಾವಿರಕ್ಕೆ ಒಂದು ದೇಶಿ ಏರ್ ರೈಫಲ್ ಕೊಳ್ಳುತ್ತೇನೆ ಎಂದರು. ದಿನಾಲೂ ಮನೆಯಲ್ಲಿ ಬರಿದೇ ಗುರಿ ಹಿಡಿದು ಅಭ್ಯಾಸ ಮಾಡುವ ಆಸೆ. ಜಹೀರುದ್ದೀನ್ ಸರ್ ಎರಡೆರಡು ಸಲ ಹೇಳಿದರು, "ಇಲ್ಲೇ ಇಡ್ರಿ ಅಮ್ಮಾ, ನಮ್ಮಲ್ಲಿ ಕಪಾಟು ಅದ. ಮನ್ಯಾಗಿಟ್ಟ ಬಂದೂಕಕ್ಕ ಮನಿ ಮಂದಿಯೆಲ್ಲಾ ಮಾಲಕರಾಗ್ತಾರ." ಅತ್ತೆ ಕೇಳಲಿಲ್ಲ. ಕಲಬುರಗಿಯ ಬಂದೂಕಿನ ಅಂಗಡಿಯಲ್ಲಿ ಆಧಾರ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಮಾಡಿ, ಬಿಲ್ಲು ಪಡೆದು ತಂದರು. ಈ ಸಲ ಬರುವಾಗ ಬಸ್ಸು ಬೇಡವೆಂದು ಆಟೋ ಮಾಡಿಕೊಂಡು ನೇರ ಪಂಚಶೀಲಾ ಅವರ ಠಾಣೆಗೆ ಹೋಗಿ ಬಿಲ್ಲು ತೋರಿಸಿಯೇ ಮನೆಗೆ ಬಂದರು. ಬಂದೂಕನ್ನು ಛರ್ರಾದ ಡಬ್ಬಿಯ ಸಮೇತ ನಡುಮನೆಯ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ಕೀಲಿಕೈ ದೇವರ ಫೋಟೋ ಪಕ್ಕದ ಮೊಳೆಗೆ ತೂಗುಹಾಕಿದರು.

ಒಂದು ಬುಧವಾರ ಹಬ್ಬದ ರಜೆಯಿತ್ತು, ನಾನು ಮನೆಯಲ್ಲೇ ಇದ್ದೆ. ಅತ್ತೆ ಬೆಳಗಾಗೆದ್ದು ತಮ್ಮ ತಂಗಿಯನ್ನು ನೋಡಲು ಹುಮನಾಬಾದಿಗೆ ಹೋಗಿದ್ದರು. ಹನ್ನೊಂದರ ಸುಮಾರಿಗೆ ಮಾವ ತೋಟದಿಂದ ಬಂದು ಕಟ್ಟೆಯ ಮೇಲೆ ಕುಳಿತರು. ನೀರು ಕೊಟ್ಟೆ, ಕುಡಿಯಲಿಲ್ಲ. ಒಳಗೆ ನೋಡಿದರೆ ಟ್ರಂಕು ತೆರೆದಿದೆ.

"ಮಾವಾ, ಏನಾಯ್ತರಿ?"

"ಹೆದರ್ಸಾಕಂತ ಹೊಡದೆವ್ವ. ಅವಳಿಗೆ ಬರ್ತದ, ನನಗ ಬರಂಗಿಲ್ಲೇನು ಅಂತ... ನಾಕು ಗೊನಿ ಕೆಡವಿದ್ವು ಮುಂಜಾನೆ, ತಲಿ ಕೆಟ್ಟಿತ್ತು. ಮಂಗ್ಯಾ ಓಡ್ತದಂತ ಮಾಡಿದ್ದೆ. ಅದು ಕುಂತ ಬಿಡ್ತು."

ನಾನು ಅತ್ತೆಗೆ ಫೋನ್ ಮಾಡಿದೆ. ಅವರು ಸಿಕ್ಕ ಜೀಪು ಹತ್ತಿ ಒಂದು ತಾಸಿನಲ್ಲಿ ಬಂದರು. ಮೂವರೂ ತೋಟಕ್ಕೆ ಹೋದೆವು. ನೀರಿನ ಕಾಲುವೆಯ ಬದುವಿನ ಮೇಲೆ ಒಂದು ಮಂಗ ಕುಳಿತಿತ್ತು. ದೊಡ್ಡದೇನಲ್ಲ. ಬಲಗೈ ಜೋತುಬಿದ್ದಿತ್ತು, ಹೆಗಲ ಹತ್ತಿರ ರಕ್ತ ಒಣಗಿತ್ತು. ಅದು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿತ್ತು, ಮತ್ತೆ ಅದು ಜಾರುತ್ತಿತ್ತು, ಮತ್ತೆ ಎತ್ತಿಟ್ಟುಕೊಳ್ಳುತ್ತಿತ್ತು. ಗಿಡಗಳ ನಡುವೆ ಉಳಿದವು ಸದ್ದಿಲ್ಲದೆ ಕುಳಿತಿದ್ದವು. ಅಷ್ಟು ದಿನ ಅವುಗಳ ಗದ್ದಲ ಕೇಳಿ ಸಾಕಾಗಿದ್ದ ನಮಗೆ ಆ ಮೌನ ತಡೆಯಲಾಗಲಿಲ್ಲ.

"ಸತ್ರ ಸಾಯ್ತದ. ಇಲ್ಲೇ ಹುಗುದ್ರಾಯ್ತು. ಯಾರಿಗೂ ಹೇಳಬ್ಯಾಡ್ರಿ," ಎಂದರು ಮಾವ. ದನಿಯಲ್ಲಿ ಕಠೋರತೆಯೇನೂ ಇರಲಿಲ್ಲ. ಅಂಜಿಕೆ ಇತ್ತು.

ಅತ್ತೆ ಮಂಗನ ಮೇಲಿಟ್ಟ ಕಣ್ಣು ತೆಗೆಯದೆ ನನ್ನ ಮುಂದೆ ಕೈ ಚಾಚಿದರು. "ಆ ಪೊಲೀಸ್ ಬಾಯಿಯವರ ನಂಬರ್ ಅದಲ್ಲ ನಿನ್ನ ಬಳಿ, ಹಚ್ಚಿಕೊಡು."

"ಬಂಡೀ!" ಎಂದರು ಮಾವ. "ನನ್ನ ಒಳಗ ಹಾಕಸ್ತೀಯೇನು?"

"ಕೀಲಿಕೈ ಮೊಳಿಗೆ ಹಾಕಿದಾಕಿ ನಾ. ಸೊಂಟದಾಗ ಇಟ್ಕೋಬೇಕಿತ್ತು. ಬರಸೋದಿದ್ರ ಇಬ್ಬರ ಹೆಸರೂ ಬರಸ್ತೀನಿ," ಎಂದರು ಅತ್ತೆ. "ಅದು ಹಿಂಗ ಕೈ ಎತ್ತಿಡೋದು ನೋಡಿ ನಾ ಮನಿಗೋಗಿ ಉಣ್ಣಲಾರೆ."

ಫೋನಿನಲ್ಲಿ ಅವರು ಒಂದೂ ಮುಚ್ಚಿಡಲಿಲ್ಲ. ಪಂಚಶೀಲಾ ಅವರೇ ಅರಣ್ಯ ಇಲಾಖೆಗೆ ತಿಳಿಸಿದರು. ಇಬ್ಬರು ಗಾರ್ಡುಗಳು ಬಲೆ ತಂದು ಮಂಗನನ್ನು ಹಿಡಿದು ಕಲಬುರಗಿಯ ಪಶು ಆಸ್ಪತ್ರೆಗೆ ಒಯ್ದರು. ಡಾಕ್ಟರರು ಹೆಗಲಿನಿಂದ ಛರ್ರಾ ತೆಗೆದರು. ಜೀವ ಉಳಿಯಿತು. ಆ ಕೈಗೆ ಮೊದಲಿನ ಶಕ್ತಿ ಬರಲಾರದು ಎಂದರು. ಮಾವನ ಮೇಲೆ ಕೇಸು ದಾಖಲಾಯಿತು. ತಾವಾಗಿಯೇ ತಿಳಿಸಿದ್ದರಿಂದ, ಮೊದಲ ತಪ್ಪಾದ್ದರಿಂದ, ಅಧಿಕಾರಿಗಳು ದಂಡ ಕಟ್ಟಿಸಿಕೊಂಡು ಬಿಟ್ಟರು. ಆ ದಂಡಕ್ಕೆ ಆ ಸಲದ ಬಾಳೆಯ ಒಂದು ಲೋಡು ಹೋಯಿತು. ಬಂದೂಕನ್ನು ಜಪ್ತಿ ಮಾಡಿದರು. ಅತ್ತೆ ಅದನ್ನು ಒರೆಸಿ, ಬಿಲ್ಲಿನ ಜೊತೆ ತಾವೇ ಎತ್ತಿಕೊಟ್ಟರು.

ಮಾವ ಈ ಸಲ ಮುನಿಸಿಕೊಳ್ಳಲಿಲ್ಲ. ಅದಕ್ಕಿಂತ ಕಷ್ಟವಾಗಿದ್ದೆಂದರೆ ಅವರು ಯಾರ ಮುಖವನ್ನೂ ನೋಡದೆ ಇದ್ದದ್ದು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಸಂತೆಗೆ ಹೋಗುವುದು ಬಿಟ್ಟರು. ಅತ್ತೆ ಒಂದು ದಿನ ಅವರ ಪಕ್ಕ ಕುಳಿತು, "ನಾ ಪೊಲೀಸರಿಗೆ ಹೇಳಿದೆ ಅಂತ ನನ್ನ ಮ್ಯಾಲ ಸಿಟ್ಟೇನು?" ಎಂದು ಕೇಳಿದರು.

"ಇಲ್ಲ," ಎಂದರು ಮಾವ. "ನೀ ಹೇಳದಿದ್ರ ನಾ ಹೇಳ್ತಿದ್ದಿಲ್ಲ. ಅದ ಕೆಡಕನಿಸ್ತದ."

ಹೊಸ ವರ್ಷದಲ್ಲಿ ಅಕ್ಕಪಕ್ಕದ ಐದು ತೋಟದವರು ಕೂಡಿ ಸರದಿಯ ಮೇಲೆ ಕಾವಲು ಮಾಡತೊಡಗಿದರು. ಗೊನೆಗಳಿಗೆ ಚೀಲ ಕಟ್ಟುವುದನ್ನು ಮಾವ ತೋಟಗಾರಿಕೆ ಆಫೀಸಿಗೆ ಹೋಗಿ ಕೇಳಿಕೊಂಡು ಬಂದರು. ಮಂಗಗಳ ಕಾಟ ಪೂರ್ತಿ ನಿಂತಿತೆಂದು ಹೇಳಲಾರೆ. ಕಡಿಮೆಯಾಯಿತು.

ಅತ್ತೆ ರೇಂಜಿಗೆ ಹೋಗುವುದನ್ನು ಎರಡು ತಿಂಗಳು ನಿಲ್ಲಿಸಿದ್ದರು. ಜಹೀರುದ್ದೀನ್ ಸರ್ ಮಿಲ್ಲಿಗೆ ಬಂದು ನನ್ನನ್ನು ಕೇಳಿದರು. ನಡೆದದ್ದೆಲ್ಲ ಹೇಳಿದೆ. ಅವರು "ನಾ ಹೇಳಿದ್ದೆ" ಎನ್ನಲಿಲ್ಲ. "ಅಮ್ಮಾಗ ಬರಾಕ ಹೇಳ್ರಿ. ಬಂದೂಕ ತಪ್ಪು ಮಾಡಿಲ್ಲ, ಅವರ ಕೈಯೂ ತಪ್ಪು ಮಾಡಿಲ್ಲ" ಎಂದಷ್ಟೇ ಹೇಳಿ ಹೋದರು.

ಮನೆಯಲ್ಲಿ ಹೇಳಿದೆ. ಅತ್ತೆ ತಲೆ ಅಲ್ಲಾಡಿಸಿದರು. ಬಿಲ್ಲು ಬರೆಯುವವಳಾದ್ದರಿಂದ ನನಗೆ ತಡೆಯಲಾಗಲಿಲ್ಲ: "ಅತ್ತಿ, ಸುಳ್ಳು ಬಂದೂಕಕ್ಕ ಮೂರು ಸಾವಿರದ ಇನ್ನೂರು, ಗಾಳಿ ಬಂದೂಕಕ್ಕ ಹನ್ನೊಂದೂವರಿ ಸಾವಿರ. ಒಂದು ಠಾಣಾ ಸೇರ್ತು, ಇನ್ನೊಂದು ಅರಣ್ಯ ಆಫೀಸು ಸೇರ್ತು. ಅದ ರೊಕ್ಕದಾಗ ನೂರಾನಲವತ್ತೇಳು ಸಲ ಕಪನೂರಿಗೆ ಹೋಗಿ ಹೊಡೀಬಹುದಿತ್ರಿ."

ಅತ್ತೆ ನಗಲಿಲ್ಲ. ನಕ್ಕವರು ಮಾವ, ಎಷ್ಟೋ ದಿನದ ಮೇಲೆ. "ನಡೀ, ನಾನೂ ಬರ್ತೀನಿ. ಆ ಕಾಗದದಾಗ ಏನದ ನೋಡೋಣು."

ಮೊದಲ ಶನಿವಾರ ಮಾವ ಗೋದಾಮಿನ ಬಾಗಿಲಲ್ಲೇ ನಿಂತರು. ಜಹೀರುದ್ದೀನ್ ಸರ್ ಕೈಹಿಡಿದು ಒಳಗೆ ಕರೆತಂದು ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿದರು. "ನೀವೂ ಹಿಡೀತೀರೇನು?" ಎಂದು ಕೇಳಿದಾಗ ಮಾವ ಎರಡೂ ಕೈ ಹಿಂದೆ ಕಟ್ಟಿಕೊಂಡರು. ಸರ್ ಮತ್ತೆ ಕೇಳಲಿಲ್ಲ. ಅತ್ತೆ ಸೆರಗು ಸಿಗಿಸಿ ನಿಂತು, ಉಸಿರು ಅರ್ಧ ಬಿಟ್ಟು ತಡೆದರು. ಮಾವ ಚಹಾ ಕುಡಿಯುವುದು ಮರೆತು ಹೆಂಡತಿಯ ಬೆನ್ನನ್ನು ನೋಡುತ್ತಿದ್ದರು. ಮೂವತ್ತೈದು ವರ್ಷ ಕೂಡಿ ಬಾಳಿದರೂ ಹೆಂಡತಿ ಒಂದು ಕೆಲಸವೂ ಇಲ್ಲದೆ ಹಾಗೆ ನಿಶ್ಚಲವಾಗಿ ನಿಂತದ್ದನ್ನು ಅವರು ನೋಡಿರಲಿಕ್ಕಿಲ್ಲ.

ಮಾರ್ಚಿನಲ್ಲಿ ರೇಂಜಿನವರೇ ಒಂದು ಸಣ್ಣ ಪಂದ್ಯ ಇಟ್ಟರು. ಹುಡುಗ ಹುಡುಗಿಯರ ಪಂದ್ಯ ಮುಗಿದ ಮೇಲೆ ನಲವತ್ತೈದು ದಾಟಿದ ಹೆಣ್ಣುಮಕ್ಕಳದು. ಐದೇ ಜನ. ಇಬ್ಬರು ಪೊಲೀಸ್ ಇಲಾಖೆಯವರು, ಒಬ್ಬರು ನಿವೃತ್ತ ಟೀಚರ್, ಒಬ್ಬರು ಬೀದರಿನಿಂದ ಬಂದ ಡಾಕ್ಟರು, ಮತ್ತೆ ನಮ್ಮ ಅತ್ತೆ. ಮದಿಹಾ ತನ್ನ ಶೂಟಿಂಗ್ ಜಾಕೆಟ್ಟು ತಂದು ಅತ್ತೆಗೆ ತೊಡಿಸಿದಳು. ಅದು ಸೀರೆಯ ಮೇಲೆ ಬಿಗಿಯಾಗಿತ್ತು, ಗುಂಡಿ ಹತ್ತಲಿಲ್ಲ. ಅತ್ತೆ ತೆಗೆದುಕೊಟ್ಟು, "ಇದ್ದಂಗ ಇರ್ತೀನವ್ವ" ಎಂದರು.

ತಲಾ ಹತ್ತು ಗುಂಡು, ನೂರಕ್ಕೆ ಲೆಕ್ಕ. ಮೊದಲ ಐದು ಚೆನ್ನಾಗಿ ಬಿದ್ದವು. ಮದಿಹಾ ದುರ್ಬೀನಿನಲ್ಲಿ ನೋಡಿ ನನ್ನ ಕೈ ಹಿಸುಕಿದಳು. ಆರನೆಯದು ಕಪ್ಪು ವೃತ್ತದ ಅಂಚಿಗೆ ಹೋಯಿತು, ನಾಲ್ಕೇ ಅಂಕ. ಉಳಿದವು ಮತ್ತೆ ಒಳಗೆ. ಒಟ್ಟು ಎಪ್ಪತ್ತೆಂಟು. ಗೆದ್ದ ಡಾಕ್ಟರಿಗೆ ತೊಂಬತ್ತೊಂದು. ಅತ್ತೆ ನಾಲ್ಕನೆಯವರು. ನಾಲ್ಕನೆಯವರಿಗೆ ಬಹುಮಾನ ಇರಲಿಲ್ಲ. ಎಲ್ಲರಿಗೂ ಕೊಟ್ಟಂತೆ ಒಂದು ಸರ್ಟಿಫಿಕೇಟು ಕೊಟ್ಟರು. ಜಹೀರುದ್ದೀನ್ ಸರ್ ಹೆಸರು ಕೂಗಿದಾಗ ಬೆಂಚಿನ ಮೇಲಿದ್ದ ಮಾವ ಎದ್ದು ನಿಂತುಬಿಟ್ಟರು. ತಾನೇಕೆ ನಿಂತೆ ಎಂದು ತಿಳಿಯದೆ ಮತ್ತೆ ಕುಳಿತರು.

ಸಂಜೆ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಅತ್ತೆ ನಡುವೆ. ನಾನು ಏನೇನೋ ಸಮಾಧಾನದ ಮಾತು ಹೇಳಿದೆ, ಮೊದಲ ಸಲಕ್ಕೆ ಇಷ್ಟು ಅಂದರೆ ಬಹಳ, ಅವರೆಲ್ಲ ವರ್ಷಗಟ್ಟಲೆ ಕಲಿತವರು ಅಂತೆಲ್ಲ. ಅತ್ತೆ ಸರ್ಟಿಫಿಕೇಟನ್ನು ಸುರುಳಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ಮನಸ್ಸಿಗೆ ಬೇಜಾರಾಗಿದೆ ಅಂದುಕೊಂಡು ಸುಮ್ಮನಾದೆ. ಊರು ಹತ್ತಿರ ಬಂದಾಗ ಅವರು ಒಮ್ಮೆಲೇ ಗಂಡನ ಕಡೆ ತಿರುಗಿದರು.

"ಆರನೇದು ಅವಸರ ಮಾಡಿದೆ ನಾ. ಉಸಿರು ಪೂರಾ ನಿಂತಿದ್ದಿಲ್ಲ, ಒತ್ತಿಬಿಟ್ಟೆ."

ಮಾವ ಆ ಮಾತನ್ನು ಬಹಳ ಗಂಭೀರವಾಗಿ ಯೋಚಿಸಿದರು.

"ಹೌದು, ನಾ ನೋಡಿದೆ. ಮುಂದಿನ ಸಲ ಜರಾ ತಡೀ," ಎಂದರು. ಆಮೇಲೆ ಎದ್ದು, ಬಾಗಿಲ ಹತ್ತಿರ ಹೋಗಿ, ಕಂಡಕ್ಟರಿಗೆ ನಮ್ಮ ತೋಟದ ಸ್ಟಾಪಿನಲ್ಲಿ ನಿಲ್ಲಿಸಲು ಹೇಳಿದರು.